ಬೆಂಜ್ ಸರ್ಕಲ್ಲಿನಲ್ಲಿ ತದಿಗಿಣತೊಂ

ವಿಜಯವಾಡದ ಬೆಂಜ್ ಸರ್ಕಲ್ಲಿನ ಪಕ್ಕದಲ್ಲಿ ಮನೆ ಮಾಡಿಕೊಂಡಿರುವವನಿಗೆ ಸಂಗೀತದ ಮಾತೇಕೆ ಎಂದು ನೀವು ಕೇಳಬಹುದು. ಚೆನ್ನೈಯಿಂದ ಕೋಲ್ಕತ್ತಕ್ಕೆ ಹೋಗುವ ಹೆದ್ದಾರಿಯೂ ಹೈದರಾಬಾದಿನಿಂದ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿಯೂ ಕೂಡುವ ಸ್ಥಳವಿದು. 2020ರಲ್ಲಿ ಮೇಲ್ಸೇತುವೆ ಬಂದ ಮೇಲೆ ಗದ್ದಲವೇನೂ ಕಡಿಮೆಯಾಗಲಿಲ್ಲ. ಅದರಲ್ಲಿ ಅರ್ಧ ನಮ್ಮ ಕಿಟಕಿಯ ಮಟ್ಟಕ್ಕೆ ಏರಿತು, ಅಷ್ಟೆ.

ಕೇಂದ್ರ ಸರ್ಕಾರದ ಗುಮಾಸ್ತನಾದ ನಾನು ಸಂಜೆ ಮನೆಗೆ ಬಂದರೆ ಅಲ್ಲಿ ಇನ್ನೊಂದು ಗದ್ದಲ. ಇಂಟರ್ ಎರಡನೆಯ ವರ್ಷದಲ್ಲಿರುವ ಮಗ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಎರಡು ಪೆನ್ಸಿಲುಗಳಿಂದ ಮೇಜು ಬಡಿಯುತ್ತ ಕೂತಿರುತ್ತಾನೆ. ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು. ಕನ್ನಡವೆಂದರೆ ಅವನಿಗೆ "ಊಟ ಆಯ್ತು" ಎನ್ನುವಷ್ಟು. ಒಂದು ದಿನ ತಾಳ್ಮೆಗೆಟ್ಟು ಪೆನ್ಸಿಲುಗಳನ್ನು ಕಿತ್ತುಕೊಂಡು ಮುರಿದೆ. "ಇದೇನು ಅನ್ನ ಕೊಡುತ್ತದೆಯೇನೋ?" ಎಂದು ಕೂಗಿದೆ. ಹುಡುಗ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ.

ಐದನೆಯ ದಿನ ಭಾನುವಾರ. ಅವನ ಕೋಣೆಯಿಂದ ಹೆಣ್ಣುದನಿಯೊಂದು ಹಾಡುತ್ತಿದ್ದುದು ಕೇಳಿಸಿತು. ಅದರ ಹಿಂದೆ ಮೃದಂಗ, ಬಾಯಲ್ಲಿ ಹೇಳುವ ಜತಿ. ನಡುವೆ ಒಂದು ಸ್ಯಾಕ್ಸೊಫೋನ್! ಬಾಗಿಲಲ್ಲೇ ನಿಂತುಬಿಟ್ಟೆ.

ಹುಡುಗ ಅಲ್ಲಿಗೆ ತಲುಪಿದ ದಾರಿಯೇ ಸ್ವಾರಸ್ಯವಾದದ್ದು. ಮೊದಲು ಅವನಿಗೆ ಸಿಕ್ಕಿದ್ದು ಜಾನ್ ಮೆಕ್‌ಲಾಕ್ಲಿನ್ ಎಂಬ ಆಂಗ್ಲ ಗಿಟಾರುವಾದಕನ 'ಮಹಾವಿಷ್ಣು ಆರ್ಕೆಸ್ಟ್ರಾ'. ಜಾಜ್ ಮತ್ತು ರಾಕ್ ಬೆರೆಸಿದ ಅವರ ಚೊಚ್ಚಲ ಆಲ್ಬಂ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್' 1971ರದು. ಅದರಲ್ಲಿನ 'ದಿ ಡಾನ್ಸ್ ಆಫ್ ಮಾಯಾ' ನಾಲ್ಕರ ಲೆಕ್ಕಕ್ಕೆ ಸಿಗದೆ ಹತ್ತರಲ್ಲಿ ನಡೆಯುತ್ತದೆ. ಮೇಜಿನ ಮೇಲೆ ಬಡಿಯುತ್ತಿದ್ದುದು ಅದನ್ನೇ! ಆಮೇಲೆ ಅದೇ ಮೆಕ್‌ಲಾಕ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಇವರೆಲ್ಲ ಕೂಡಿದ 'ಶಕ್ತಿ'. ಅವರ ಮೊದಲ ಆಲ್ಬಂ 1976ರದು. ಅಲ್ಲಿಂದ ನಮ್ಮ ಬೆಂಗಳೂರಿಗೇ ಬಂದಿದ್ದ. ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನವರು, ಬೋಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ಧ್ವನಿಮುದ್ರಿಸಿದ 'ಜ್ಯೋತಿ' ಅದು. ಹಾಡುತ್ತಿದ್ದವರು ಆರ್.ಎ. ರಮಾಮಣಿ. ಮರಿಯಾನೊ ಮಲೇಷ್ಯಾದಲ್ಲಿ ನಾಗಸ್ವರವನ್ನೂ ಕಲಿತಿದ್ದವರಂತೆ.

"ಅಪ್ಪ," ಎಂದ, ನಾಲ್ಕು ದಿನಗಳ ಮೇಲೆ ಮೊದಲ ಸಲ. "ಈ ತದಿಗಿಣತೊಂ ಅಂದ್ರೆ ಏನು?"

ನನಗೆ ಗೊತ್ತಿತ್ತು. ಹಾಸನದಲ್ಲಿ ಎರಡು ವರ್ಷ ಮೃದಂಗ ಕಲಿತವನು ನಾನು. ಪಿ.ಯು.ಸಿ.ಗೆ ಬಂದಾಗ ನಮ್ಮ ತಂದೆಯವರು "ಇದೇನು ಅನ್ನ ಕೊಡುತ್ತದೆಯೇನೋ?" ಎಂದು ಪಾಠ ಬಿಡಿಸಿದರು. ಮೃದಂಗ ಭಜನಾ ಮಂಡಳಿಗೆ ಹೋಯಿತು, ನಾನು ಬಿ.ಎಸ್ಸಿ.ಗೆ ಹೋದೆ. ಅವರು ಹೇಳಿದ್ದು ಸುಳ್ಳಾಗಲಿಲ್ಲ, ಬಿ.ಎಸ್ಸಿ. ಅನ್ನ ಕೊಟ್ಟಿತು. ಆದರೆ ಅಂದು ನನಗಾದ ಸಂಕಟವನ್ನು ಇಪ್ಪತ್ತೈದು ವರ್ಷ ಜೋಪಾನವಾಗಿಟ್ಟುಕೊಂಡಿದ್ದು, ಅಕ್ಷರವೂ ಬದಲಿಸದೆ ಮಗನಿಗೆ ದಾಟಿಸಿದ್ದೆನಲ್ಲ! ಕಚೇರಿಯಲ್ಲಿ ಹಳೆಯ ಟಿಪ್ಪಣಿಯನ್ನೇ ನಕಲು ಮಾಡಿ ಕಳಿಸುವ ಅಭ್ಯಾಸ ಮನೆಗೂ ಬಂದಿತ್ತು.

ಮೇಜಿನ ಮುಂದೆ ಕೂತು ವಿವರಿಸಿದೆ. ತದಿಗಿಣತೊಂ ಐದಕ್ಷರ, ಖಂಡ. ತಕಿಟ ಮೂರು, ತಕದಿಮಿ ನಾಲ್ಕು. ಎರಡೂ ಸೇರಿದರೆ ಏಳು, ಮಿಶ್ರ. ಐದನ್ನು ಎರಡು ಸಲ ಹೇಳಿದರೆ ಹತ್ತು. "ಅಂದ್ರೆ ಮಹಾವಿಷ್ಣುದು ಎರಡು ತದಿಗಿಣತೊಂ?" ಎಂದ. "ಎಣಿಕೆ ಕೂಡುತ್ತದೆ, ಒಡೆಯುವ ರೀತಿ ಬೇರೆ ಇರಬಹುದು, ಕೇಳಿ ನೋಡೋಣ" ಎಂದೆ. ಇಬ್ಬರೂ ಕೇಳಿದೆವು. ನನ್ನ ಬೆರಳುಗಳು ಮೊದಮೊದಲು ತಪ್ಪಿದವು, ಹುಡುಗ ನಗಲಿಲ್ಲ. ಅಡಿಗೆಮನೆಯಿಂದ ಇಣುಕಿದ ನನ್ನಾಕೆ, "ಇನ್ನು ಇಬ್ಬರು ಬಡಿಯುವವರಾದರು" ಎಂದು ಒಳಗೆ ಹೋದಳು.

ಈಗ ಊಟವಾದ ಮೇಲೆ ಅರ್ಧ ಗಂಟೆ ನಮ್ಮ ಪಾಠ. ಅವನು ಎಣಿಸುವುದು ಕನ್ನಡದಲ್ಲೇ. ಪರೀಕ್ಷೆಯ ಭಯ ನನಗಿನ್ನೂ ಹೋಗಿಲ್ಲ. ಅನ್ನದ ಪ್ರಶ್ನೆಯೂ ತೀರಿಲ್ಲ. ಆದರೆ ಆ ಭಾನುವಾರ ಸಂಜೆಯೇ ಬಂದರ್ ರಸ್ತೆಯ ಅಂಗಡಿಗೆ ಹೋಗಿ ಎರಡು ಪೆನ್ಸಿಲು ತಂದುಕೊಟ್ಟೆ. ಕಚೇರಿಯವಲ್ಲ ಸ್ವಾಮಿ, ಸ್ವಂತ ದುಡ್ಡಿನವು.