ಅಂಡಮಾನಿನ ನೆಂಟರೂ ಮನೆಯವರೂ

ಹಿಂದಿನ ತಲೆಮಾರಿನವರಿಗೆ ಅಂಡಮಾನ್ ಎಂದೊಡನೆ ನೆನಪಾಗುತ್ತಿದ್ದುದು ಕರಿನೀರಿನ ಶಿಕ್ಷೆ. ದೇಶಕ್ಕಾಗಿ ಹೋರಾಡಿದವರನ್ನು ಕೂಡಿಹಾಕುತ್ತಿದ್ದ ಸೆಲ್ಯುಲರ್ ಸೆರೆಮನೆ ಇಂದು ರಾಷ್ಟ್ರೀಯ ಸ್ಮಾರಕ. ಅಂದು ಸಂಕೋಲೆ ತೊಟ್ಟವರು ದಾಟಿದ ಕಡಲನ್ನು ಇಂದು ನವದಂಪತಿಗಳು ವಿಮಾನದಲ್ಲಿ ನಗುನಗುತ್ತ ದಾಟುತ್ತಾರೆ. ನಾವೇನೂ ನವದಂಪತಿಗಳಲ್ಲ, ಮದುವೆಯಾಗಿ ಎಂಟು ವರ್ಷಗಳಾದ ಮೇಲೆ, ಎಂದೋ ಆಡಿದ ಮಾತನ್ನು ಉಳಿಸಿಕೊಳ್ಳಲು ಹೊರಟವರು. ನನ್ನ ಪತ್ನಿಗೆ ಕಡಲನ್ನು ಕಾಣುವ ಆಸೆ, ನನಗೆ ಕಾಡನ್ನು ಕಾಣುವ ಹಂಬಲ. ಎರಡನ್ನೂ ಒಂದೇ ಎಲೆಯಲ್ಲಿ ಬಡಿಸುವ ಊರು ಅಂಡಮಾನಿಗಿಂತ ಬೇರೆ ಯಾವುದಿದೆ?

ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಅದರ ಎದುರಿಗೇ, ಸ್ವಲ್ಪ ಹೊತ್ತಿನ ದೋಣಿಯ ದಾರಿಯಲ್ಲಿ, ರಾಸ್ ದ್ವೀಪವಿದೆ. 2018ರಲ್ಲಿ ಅದು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವಾಯಿತು. ಒಂದು ಕಾಲಕ್ಕೆ ಆಂಗ್ಲರ ಆಡಳಿತದ ಗದ್ದುಗೆಯಾಗಿದ್ದ ಆ ನೆಲದಲ್ಲಿ ಈಗ ಆಲದ ಬೇರುಗಳು ಇಗರ್ಜಿಯ ಗೋಡೆಗಳನ್ನು ಅಪ್ಪಿಕೊಂಡು ನಿಂತಿವೆ. ಪಾಳುಗೋಡೆಗಳ ನಡುವೆ ಚುಕ್ಕಿ ಜಿಂಕೆಗಳು ಮನೆಯ ಕರುಗಳಂತೆ ಓಡಾಡುತ್ತವೆ. ಒಂದು ಮರಿ ಬಂದು ನನ್ನಾಕೆಯ ಸೆರಗನ್ನು ಮೂಸಿತು. “ನೋಡೀ, ಕಣ್ವರ ಆಶ್ರಮಕ್ಕೇ ಬಂದ ಹಾಗಾಯಿತು!” ಎಂದು ಅವಳು ಹಿಗ್ಗಿದಳು.

ಆದರೆ ಈ ಜಿಂಕೆ ದ್ವೀಪದ ಹುಟ್ಟುನಿವಾಸಿಯಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆಂಗ್ಲರು ಅದನ್ನು ಭಾರತದಿಂದ ತಂದು ಅಂಡಮಾನಿನಲ್ಲಿ ಬಿಟ್ಟರು. ಇಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ. ತಡೆಯುವವರಿಲ್ಲದೆ ಅದರ ಸಂತತಿ ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. ಎಳೆಯ ಸಸಿಗಳನ್ನು ಅದು ಮೇಯುವುದರಿಂದ, ಮುದಿಮರ ಬಿದ್ದ ಜಾಗದಲ್ಲಿ ಹೊಸಮರ ಏಳುವುದು ಕಷ್ಟವಾಗಿದೆ. ಆನೆಗಳ ಕಥೆಯೂ ಇದೇ. ಮರ ಎಳೆಯಲೆಂದು ಹಡಗಿನಲ್ಲಿ ಬಂದವು ಅವು. 1962ರಲ್ಲಿ ಮರದ ಕಂಪನಿಯೊಂದು ಬಾಗಿಲು ಹಾಕಿದಾಗ ಇಂಟರ್‌ವ್ಯೂ ದ್ವೀಪದಲ್ಲಿ ಸುಮಾರು 40 ಆನೆಗಳನ್ನು ಬಿಟ್ಟುಹೋಯಿತು, ಅವು ಕಾಡಾನೆಗಳಾದವು. ಕಡಲಿನಲ್ಲಿ ಈಜಿ ಜಗತ್ತಿಗೇ ಹೆಸರಾದ ರಾಜನ್ ಎಂಬ ಆನೆಯೂ ಹೀಗೆ ದುಡಿಯಲು ಬಂದುದೇ. ಅದು 2016ರಲ್ಲಿ ಹ್ಯಾವ್ಲಾಕಿನಲ್ಲಿ ತೀರಿಕೊಂಡಿತು.

ಇಂದು ಸ್ವರಾಜ್ ದ್ವೀಪವೆನಿಸಿದ ಆ ಹ್ಯಾವ್ಲಾಕಿನ ದಂಡೆಯಲ್ಲಿ ನಮಗೆ ನಿಜವಾದ ಮನೆಯವರ ಪರಿಚಯವಾಯಿತು. ಸಂಜೆ ಮರಳಿನಲ್ಲಿ ಕುಳಿತಿದ್ದಾಗ ಪಕ್ಕದಲ್ಲಿದ್ದ ಶಂಖವೊಂದು ಎದ್ದು ನಡೆಯಿತು! ಅದು ಸನ್ಯಾಸಿ ಏಡಿ. ಹೆಸರಿಗೆ ಸನ್ಯಾಸಿಯಾದರೂ ಮನೆಯ ಚಿಂತೆ ಅದಕ್ಕೆ ತಪ್ಪಿದ್ದಲ್ಲ. ಅದರ ಹಿಂಬದಿಯ ಮೈ ಮೃದು. ಸತ್ತ ಶಂಖದ ಹುಳುವಿನ ಚಿಪ್ಪೇ ಅದಕ್ಕೆ ರಕ್ಷೆ. ಮೈ ಬೆಳೆದಂತೆ ಮನೆ ಸಾಲದಾಗುತ್ತದೆ. ದೊಡ್ಡ ಚಿಪ್ಪನ್ನು ಹುಡುಕಿ, ಕೊಂಬಿನಿಂದ ತಟ್ಟಿ ಪರೀಕ್ಷಿಸಿ, ಸರಕ್ಕನೆ ವಾಸ ಬದಲಿಸುತ್ತದೆ. “ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರ ಪಾಡು ಇದಕ್ಕೂ ಬಂತಲ್ಲ!” ಎಂದು ನನ್ನಾಕೆ ನಕ್ಕಳು. ದಂಡೆಯಿಂದ ಚಿಪ್ಪು ಹವಳಗಳನ್ನು ಒಯ್ಯಬಾರದೆಂಬ ನಿಷೇಧ ಅಲ್ಲಿದೆ. ನಮ್ಮ ಗಾಜಿನ ಕಪಾಟಿನ ಅಲಂಕಾರ ಇಲ್ಲೊಬ್ಬರ ಮನೆಯೆಂಬುದನ್ನು ತಿಳಿದ ಮೇಲೆ ಆ ನಿಷೇಧಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಅಲ್ಲಿಂದ ಮರಳಿ, ಹಡಗು ಹಿಡಿದು, ಉತ್ತರ ಅಂಡಮಾನಿನ ಡಿಗ್ಲಿಪುರಕ್ಕೆ ಹೋದೆವು. ದ್ವೀಪಗಳಲ್ಲೆಲ್ಲ ಎತ್ತರವಾದ, 732 ಮೀಟರಿನ ಸ್ಯಾಡಲ್ ಪೀಕ್ ಶಿಖರ ಅಲ್ಲಿಯೇ ಇದೆ. ಅದರ ಸಮೀಪದ ಕಾಲಿಪುರದ ದಂಡೆಗೆ ನಾಲ್ಕು ಜಾತಿಯ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಫೆಬ್ರವರಿಯ ಒಂದು ರಾತ್ರಿ, ಅರಣ್ಯ ಇಲಾಖೆಯ ಕಾವಲುಗಾರನ ಹಿಂದೆ ಹತ್ತು ಹನ್ನೆರಡು ಮಂದಿ ಸದ್ದಿಲ್ಲದೆ ನಡೆದೆವು. ಅವನ ಕೈಯಲ್ಲಿ ಮಂಕಾದ ಕೆಂಪು ದೀಪವೊಂದೇ.

ಹನ್ನೊಂದರ ಸುಮಾರಿಗೆ ನೊರೆಯ ಅಂಚಿನಲ್ಲಿ ಕಪ್ಪು ಬಂಡೆಯಂತಹುದೊಂದು ಅಲುಗಿತು. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ ಮೊಬೈಲಿನ ದೀಪ ಹೊತ್ತಿಸಿದರು. ಆಮೆ ಕ್ಷಣಕಾಲ ನಿಂತಿತು, ಮೆಲ್ಲನೆ ಮೈ ತಿರುಗಿಸಿತು, ನೀರಿಗೆ ಮರಳಿತು. ಕಾವಲುಗಾರ ಗದರಿಸಲಿಲ್ಲ. “ಹೆರಿಗೆಗೆಂದು ಬಂದವಳು, ಬಾಗಿಲಿನಿಂದಲೇ ಹಿಂದಕ್ಕೆ ಹೋದಳು” ಎಂದು ಹಿಂದಿಯಲ್ಲಿ ಹೇಳಿದ, ಅಷ್ಟೆ. ಅರ್ಧದಷ್ಟು ಜನ ಬೇಸತ್ತು ವಸತಿಗೃಹಕ್ಕೆ ಹೊರಟುಹೋದರು. ನಾನೂ ಎದ್ದೆ. ನನ್ನಾಕೆ ಏಳಲಿಲ್ಲ. “ಅವಳು ಇಟ್ಟು ಹೋಗುವುದನ್ನು ನೋಡದೆ ನಾನು ಬರುವುದಿಲ್ಲ” ಎಂದಳು.

ಒಂದೂವರೆಗೆ ಆಮೆಯೊಂದು ಬಂದಿತು. ಅದೇ ಆಮೆಯೋ ಬೇರೆಯೋ ಹೇಳಲು ಬಾರದು. ಅದು ಆಲಿವ್ ರಿಡ್ಲಿ ಜಾತಿಯದೆಂದು ಕಾವಲುಗಾರ ಪಿಸುಗುಟ್ಟಿದ. ದಂಡೆಯನ್ನೇರಿ, ಹಿಂಗಾಲುಗಳನ್ನು ಸೌಟಿನಂತೆ ಬಾಗಿಸಿ, ಒಂದಾದ ಮೇಲೊಂದರಂತೆ ಮರಳನ್ನು ಮೊಗೆದು ಹೂಜಿಯಾಕಾರದ ಗುಣಿ ತೋಡಿತು. ಆಮೇಲೆ ಪಿಂಗ್‌ಪಾಂಗ್ ಚೆಂಡಿನಂತಹ ಬಿಳಿಯ ಮೊಟ್ಟೆಗಳು ಜಾರತೊಡಗಿದವು. ಆಮೆಯ ಕಣ್ಣಿನಿಂದ ದ್ರವ ಇಳಿಯುತ್ತಿತ್ತು. ಮೈಯಲ್ಲಿನ ಹೆಚ್ಚಿನ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸವದು, ಅಳುವಲ್ಲ ಎಂಬುದನ್ನು ನಾನು ಓದಿದ್ದೆ. ಪಕ್ಕದಲ್ಲಿ ನನ್ನಾಕೆಯೂ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು, ಆ ಪಾಂಡಿತ್ಯವನ್ನು ನನ್ನಲ್ಲೇ ಇಟ್ಟುಕೊಂಡೆ. ಮೊಟ್ಟೆಗಳನ್ನು ಮುಚ್ಚಿ, ಮೈಯನ್ನು ಅತ್ತಿತ್ತ ತೂಗಿ ಮರಳನ್ನು ಕುಟ್ಟಿ, ಹಿಂದಿರುಗಿ ನೋಡದೆ ಅದು ಕಡಲಿಗಿಳಿಯಿತು.

ಮೊಟ್ಟೆಗಳನ್ನು ಕಾವಲುಗಾರ ಎಣಿಸಿ ಇಲಾಖೆಯ ಬೇಲಿಯೊಳಗೆ ಹೂಳಿದ. ಮನುಷ್ಯನ ಜೊತೆಯಲ್ಲೇ ದ್ವೀಪ ಸೇರಿದ ನಾಯಿಗಳು ಗೂಡು ಬಗೆದು ತಿನ್ನುವುದರಿಂದ ಈ ಏರ್ಪಾಡು. ಸುಮಾರು ಐವತ್ತು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಳಿನ ಬಿಸಿ ಹೆಚ್ಚಿದರೆ ಹೆಣ್ಣು, ಕಡಿಮೆಯಾದರೆ ಗಂಡು.

ಮುಂಜಾನೆ, ಹಿಂದಿನ ಗೂಡೊಂದರಿಂದ ಬಂದ ಮರಿಗಳನ್ನು ದಂಡೆಯಲ್ಲಿ ಬಿಟ್ಟರು. ಅಂಗೈಯೊಳಗೆ ಅಡಗುವಷ್ಟು ಕಿರಿದಾದ ಜೀವಗಳು ಕಡಲಿನ ಬೆಳಕನ್ನು ಗುರಿಯಾಗಿಟ್ಟು ಓಡಿದವು. ವಸತಿಗೃಹಗಳ ದೀಪ ಹೆಚ್ಚಾದ ದಂಡೆಯಲ್ಲಿ ಇವು ದಿಕ್ಕು ತಪ್ಪಿ ಊರ ಕಡೆಗೆ ನಡೆದು ಸಾಯುತ್ತವೆ. ಬದುಕುಳಿದು ಬೆಳೆಯುವವು ಬಹಳ ಕೆಲವೇ. ಆ ಕೆಲವುಗಳಲ್ಲಿ ಹೆಣ್ಣಾದವು ಎಷ್ಟೋ ವರ್ಷಗಳ ಮೇಲೆ, ಎಷ್ಟೋ ಕಡಲುಗಳನ್ನು ಸುತ್ತಿ, ಹುಟ್ಟಿದ ಕರಾವಳಿಗೇ ಬಾಣಂತನಕ್ಕೆ ತವರಿಗೆ ಬರುವಂತೆ ಬರುತ್ತವೆ. ಅಂದು ಈ ತವರಿನಲ್ಲಿ ಅವಕ್ಕೆ ಬೇಕಾಗುವುದು ಆರತಿಯಲ್ಲ. ಒಂದು ರಾತ್ರಿಯ ಕತ್ತಲೆ. ಅಷ್ಟನ್ನು ಉಳಿಸಿಡುವುದು ನೆಂಟರಾಗಿ ಹೋಗುವ ನಮ್ಮೆಲ್ಲರ ಪಾಲಿನ ಕೆಲಸ.