ಸ್ಟೇಟ್ಸ್ ಟಾಕೀಸಿನ ಪೈರು

ಭಾನುವಾರ ಮಧ್ಯಾಹ್ನ. ಅಕ್ಕಿಪೇಟೆಯ ನಮ್ಮ ಬೀದಿಯ ಮಂಡಿಗಳು ಬಾಗಿಲು ಹಾಕಿವೆ. ತವುಡಿನ ವಾಸನೆಗೆ ಮಾತ್ರ ರಜೆ ಇಲ್ಲ. ಚರಂಡಿಯಂಚಿನಲ್ಲಿ ಚೆಲ್ಲಿದ ನುಚ್ಚಿಗೆ ಗುಬ್ಬಿಗಳು ಜಗಳಕ್ಕೆ ಬಿದ್ದಿವೆ. 1972ರ ಬೇಸಿಗೆ. ನನಗೆ ಒಂಬತ್ತು ವರ್ಷ. ಸೋದರಮಾವ ಜಗಲಿಯ ಮೇಲೆ ನಿಂತು ಕೂಗುತ್ತಿದ್ದಾರೆ: "ಬೇಗ ಬಾರೋ! ಹೌಸ್‌ಫುಲ್ ಬೋರ್ಡು ನೋಡ್ಕೊಂಡು ವಾಪಸ್ ಬರೋಕ್ಕಾ ಹೋಗೋದು?" ಅವರ ಪಕ್ಕದಲ್ಲಿ ಮಂಡಿಯ ಹಮಾಲಿ ಅಣ್ಣ. ಆರು ದಿನ ಮೂಟೆಯ ಕೆಳಗೆ ಬಗ್ಗಿರುವ ಮನುಷ್ಯ ಇವತ್ತು ನೆಟ್ಟಗೆ ನಿಂತಿದ್ದಾನೆ. ತಲೆಗೆ ಸಿಂಬಿ ಸುತ್ತುವ ಟವಲು ಒಗೆದು ಮಡಿಚಿ ಹೆಗಲೇರಿದೆ.

ಪೇಟೆಯ ಮನೆ ಎಂದರೆ ಹೇಗಿರುತ್ತದೆ ಎಂದು ಸ್ವಲ್ಪ ಹೇಳಬೇಕು. ಅಗಲ ಹತ್ತು ಹನ್ನೆರಡು ಅಡಿ, ಉದ್ದ ಮಾತ್ರ ಮುಗಿಯುವುದೇ ಇಲ್ಲ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಕತ್ತಲೆ, ಮೇಲೆ ಅಟ್ಟ. ಮೂಟೆಗಳಿಗೆ ಜಾಗ ಕೊಟ್ಟು ಮಿಕ್ಕಿದ್ದರಲ್ಲಿ ನಾವು ಮಲಗುತ್ತೇವೆ. ಕೈ ಚಾಚಿದರೆ ಗೋಡೆ, ಕಾಲು ಚಾಚಿದರೆ ತಮ್ಮನ ತಲೆ. ಅಕ್ಕಿಯ ಬಣ್ಣ, ಕಾಳಿನ ಉದ್ದ, ಹಳತೋ ಹೊಸತೋ, ಇದೆಲ್ಲ ನನಗೆ ಅಂಗೈಯಲ್ಲಿ ಹಿಡಿದೇ ಗೊತ್ತಾಗುತ್ತದೆ. ಆದರೆ ಅಕ್ಕಿ ಬೆಳೆಯುವ ಜಾಗವನ್ನು ನಾನು ನೋಡಿಲ್ಲ. ಅದು ಲಾರಿಯಲ್ಲಿ ಬರುತ್ತದೆ, ಅಷ್ಟೇ ಗೊತ್ತು.

ಹೊರಟೆವು. ಓಟಿಸಿ ರಸ್ತೆ ದಾಟಿ ಬಳೇಪೇಟೆ. ವಾದ್ಯದ ಅಂಗಡಿಗಳ ಮುಚ್ಚಿದ ಬಾಗಿಲ ಮುಂದೆ ಹಸುವೊಂದು ಮಲಗಿ ಮೆಲುಕು ಹಾಕುತ್ತಿದೆ. ಉಡುಪಿ ಶ್ರೀಕೃಷ್ಣ ಭವನದ ಕಾಫಿಯ ಘಮ ರಸ್ತೆಗೇ ಬಂದು ಮಾವನ ಮೂಗು ಹಿಡಿಯುತ್ತದೆ. ಅವರು ಗಡಿಯಾರ ನೋಡಿ, ಆಸೆ ನುಂಗಿ, ಮುಂದೆ ನಡೆಯುತ್ತಾರೆ. ಗೋಡೆಯಿದ್ದಲ್ಲೆಲ್ಲ ಪೋಸ್ಟರು. ಹಳೆಯದರ ಮೇಲೆ ಹೊಸದನ್ನು ಅಂಟಿಸಿ ಅಂಟಿಸಿ ಗೋಡೆಯೇ ದಪ್ಪಗಾಗಿದೆ. ನಾನು ಅಕ್ಷರ ಕೂಡಿಸಿ ಓದುವುದನ್ನು ಶಾಲೆಗಿಂತ ಈ ಗೋಡೆಗಳ ಮೇಲೆಯೇ ಹೆಚ್ಚು ಕಲಿತದ್ದು.

ನಮ್ಮ ಕಡೆಯವರಿಗೆ ಸಿನಿಮಾಕ್ಕೆ ಎರಡು ದಿಕ್ಕು. ಉತ್ತರಕ್ಕೆ ನಡೆದರೆ ಮೆಜೆಸ್ಟಿಕ್ಕು, ದಕ್ಷಿಣಕ್ಕೆ ನಡೆದರೆ ಸಿಟಿ ಮಾರ್ಕೆಟ್ಟು. ಮಾರ್ಕೆಟ್ಟಿನ ಪ್ಯಾರಾಮೌಂಟ್ ಟಾಕೀಸು ನಮ್ಮಜ್ಜಿಯ ಆಸ್ತಿ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆ ಕಂಡದ್ದು ಅಲ್ಲಿಯೇ. ಆರು ವಾರ ಓಡಿತು. ಅಜ್ಜಿ ಮದುವೆಯಾಗಿ ಪೇಟೆಗೆ ಬಂದ ಹೊಸದು. ಓರಗಿತ್ತಿಯರೆಲ್ಲ ಸೆರಗು ಹೊದ್ದು, ಹಿರಿಯರ ಹಿಂದೆ ಸಾಲಾಗಿ ನಡೆದು ಹೋದರಂತೆ. ನಾಟಕದಲ್ಲಿ ನೋಡಿದ್ದ ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ನಾಗೇಂದ್ರರಾಯರು ರಾವಣನಾಗಿ ಬಟ್ಟೆಯ ಮೇಲೆ ಬಂದು ಕನ್ನಡ ಮಾತಾಡಿದಾಗ ಹೆಂಗಸರ ಸಾಲಿನಲ್ಲಿ ಯಾರೋ ಕೈ ಮುಗಿದರಂತೆ. ಅದನ್ನು ಕೊಲ್ಹಾಪುರದಲ್ಲಿ ತೆಗೆದದ್ದು, ವೈ.ವಿ. ರಾವ್ ನಿರ್ದೇಶಿಸಿದ್ದು ಇವೆಲ್ಲ ನಾನು ದೊಡ್ಡವನಾದ ಮೇಲೆ ಓದಿ ತಿಳಿದ ವಿಷಯ. ಅಜ್ಜಿಗೆ ಅದು ಬೇಕಿರಲಿಲ್ಲ. "ನಮ್ ಮಾತೇ ಆಡಿದ್ರು ಕಣೋ" ಎನ್ನುತ್ತಿದ್ದಳು, ಪ್ರತಿ ಸಲವೂ ಅದೇ ಬೆರಗಿನಲ್ಲಿ.

ಉಪ್ಪಾರಪೇಟೆ ದಾಟಿತು. ಕೆಂಪೇಗೌಡ ರಸ್ತೆ! ಇಷ್ಟು ಹೊತ್ತು ಓಣಿಗಳಲ್ಲಿ ಹಿಂಡಿಕೊಂಡು ಬಂದ ಕಣ್ಣು ಇಲ್ಲಿ ಒಮ್ಮೆಲೇ ಅಗಲವಾಗಬೇಕು. ಬೆನ್ನು ಬಗ್ಗಿಸಿ ಹಿಂದಕ್ಕೆ ವಾಲಿದರಷ್ಟೇ ರಾಜಕುಮಾರರ ಕಟೌಟಿನ ಮುಖ ಕಾಣುತ್ತದೆ. ಕೊರಳಿಗೆ ಹೂವಿನ ಹಾರ. ಬಿಸಿಲಿಗೆ ಬಾಡಿ ಎಸಳು ಉದುರುತ್ತಿದೆ. 'ಬಂಗಾರದ ಮನುಷ್ಯ' ಬಿಡುಗಡೆಯಾದದ್ದು ಮಾರ್ಚ್ 31ಕ್ಕೆ. ಸ್ಟೇಟ್ಸ್ ಟಾಕೀಸಿನ ಮುಂದೆ ಮೊದಲ ದಿನದ ಜನವೇ ಇನ್ನೂ ಕರಗದೆ ನಿಂತ ಹಾಗಿದೆ. ಇದೇ ಟಾಕೀಸಿನಲ್ಲಿ ಇದು ಎರಡು ವರ್ಷ ಓಡಲಿದೆ ಎಂದು ಇವತ್ತು ಯಾರಿಗೂ ತಿಳಿಯದು.

ಗಾಂಧಿಕ್ಲಾಸಿನ ಟಿಕೆಟ್ಟಿಗೆ ಎರಡು ಗೋಡೆಗಳ ನಡುವೆ ಒಂದಾಳು ಹಿಡಿಸುವಷ್ಟು ಓಣಿ. ಒಳಗೆ ಬೆವರು, ಬೀಡಿ, ತಲೆಗೆ ಹಚ್ಚಿದ ಹರಳೆಣ್ಣೆ. ಕೊನೆಯಲ್ಲಿ ಒಂದು ಕೈ ತೂರುವ ಕಿಂಡಿ. ಅದರೊಳಗೆ ಈಗ ನಾಲ್ಕು ಕೈಗಳಿವೆ. ಹೊರಗೆ ಬ್ಲ್ಯಾಕಿನವನು ತುಟಿ ಅಲ್ಲಾಡಿಸದೆ ರೇಟು ಹೇಳುತ್ತಾ ಸುಳಿದಾಡುತ್ತಿದ್ದಾನೆ. ಹಮಾಲಿ ಅಣ್ಣ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. "ಗಟ್ಟಿ ಹಿಡ್ಕೊ ಸಣ್ಣಪ್ಪ, ನೀನೇನು ಮೂಟೆ ಭಾರ ಇಲ್ಲ." ಸಿಕ್ಕಿತು. ಮೂರು ತೆಳ್ಳನೆಯ ಬಣ್ಣದ ಚೀಟಿ, ಬೆವರಿಗೆ ಆಗಲೇ ಒದ್ದೆ.

ಪರದೆ ಸರಿಸಿ ಒಳಗೆ ಕಾಲಿಟ್ಟಾಗ ಆಗುವುದನ್ನು ಹೇಗೆ ಹೇಳಲಿ? ಎತ್ತರ. ಮೊದಲು ಎತ್ತರ. ತಲೆಯ ಮೇಲೆ ಅಟ್ಟವಿಲ್ಲ, ಮೂಟೆಯಿಲ್ಲ, ತೊಲೆಗೆ ತಲೆ ತಾಗುವ ಭಯವಿಲ್ಲ. ಅಷ್ಟು ದೊಡ್ಡ ಜಾಗದಲ್ಲಿ ಕೂರಲು ನನಗೂ ಹಕ್ಕಿದೆ, ಕೈಯಲ್ಲಿ ಅರ್ಧ ಹರಿದ ಚೀಟಿಯಿದೆ. ಪೇಟೆಯ ಮಕ್ಕಳಿಗೆ ಟಾಕೀಸು ಕೊಟ್ಟದ್ದು ಮೊದಲಿಗೆ ಇದನ್ನೇ ಎಂದು ನಾನು ನಂಬಿದ್ದೇನೆ. ಕಥೆ, ಹಾಡು, ಹೊಡೆದಾಟ ಆಮೇಲೆ. ಅದಕ್ಕೇ ಮೆಜೆಸ್ಟಿಕ್, ಕೆಂಪೇಗೌಡ, ಅಲಂಕಾರ್ ಟಾಕೀಸುಗಳು ಒಂದೊಂದಾಗಿ ಹೋದಾಗ, 1968ರಲ್ಲಿ ಸಿನೆರಾಮಾ ಪರದೆಯೊಂದಿಗೆ ತೆರೆದಿದ್ದ ಕಪಾಲಿಯೂ ನೆಲಸಮವಾದಾಗ ನನಗೆ ಸಂಕಟವಾಯಿತು, ಇವತ್ತಿಗೂ ಆಗುತ್ತದೆ. ಸಿನಿಮಾ ನೋಡಲು ಬೇರೆ ಕಡೆ ಸಿಕ್ಕೀತು. ಆದರೆ ಕೂಲಿಯವನೂ ಮಂಡಿಯ ಮಾಲೀಕನೂ ಅಷ್ಟೆತ್ತರದ ಒಂದೇ ಸೂರಿನ ಕೆಳಗೆ ಕೂತು ಒಂದೇ ಹೊತ್ತಿಗೆ ನಗುವ ಜಾಗ ಪೇಟೆಗೆ ಮತ್ತೊಂದು ಸಿಗಲಿಲ್ಲ.

ದೀಪ ಆರಿತು. ಸ್ಲೈಡುಗಳು, ಫಿಲ್ಮ್ಸ್ ಡಿವಿಜನ್ನಿನ ವಾರ್ತೆ, ಆಮೇಲೆ ಸೆನ್ಸಾರ್ ಸರ್ಟಿಫಿಕೇಟು. ಹಿಂದಿನ ಕಿಂಡಿಯಿಂದ ಹೊರಟ ಬೆಳಕಿನ ಕೋಲಿನಲ್ಲಿ ಬೀಡಿಯ ಹೊಗೆ ತೇಲುತ್ತಿದೆ. ಆ ಕಿಂಡಿಯೊಳಗೆ ಎರಡು ಪ್ರೊಜೆಕ್ಟರು, ಉರಿಯುವ ಕಾರ್ಬನ್ ಕಡ್ಡಿಗಳು. ಒಂದು ರೀಲು ಮುಗಿಯುವ ಮುಂಚೆ ಪರದೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕಿಯೊಂದು ಮಿನುಗಿ ಮಾಯವಾಗುತ್ತದೆ, ಕೆಲವೇ ಕ್ಷಣ ಬಿಟ್ಟು ಇನ್ನೊಂದು. ಅದು ಕಂಡ ಕೂಡಲೇ ಆಪರೇಟರು ಎರಡನೆಯ ಯಂತ್ರಕ್ಕೆ ಬದಲಾಯಿಸಬೇಕು. ಮಾವ ಮೊಣಕೈಯಲ್ಲಿ ತಿವಿದು ತೋರಿಸುತ್ತಾರೆ: "ಬಂತು ನೋಡು ಚುಕ್ಕಿ!"

ರಾಜಕುಮಾರರ ರಾಜೀವ ಹಳ್ಳಿಗೆ ಬರುತ್ತಾನೆ. ಚಿಕ್ಕಮಗಳೂರಿನ ಕಳಸಾಪುರದ ನೆಲ ಪರದೆಯ ಮೇಲೆ ಹರಡುತ್ತದೆ. ಬಾಲಕೃಷ್ಣ ರಾಚೂಟಪ್ಪನಾಗಿ ಬಂದು ಬಾಯಿ ತೆರೆದರೆ ಸಾಕು, ಬೆಂಚುಗಳು ಅಲುಗಾಡುವಷ್ಟು ನಗು. ಬಂಡೆ ಒಡೆಯುವ ಹಾಡಿಗೆ ಶಿಳ್ಳೆ, ಚಿಲ್ಲರೆ ಕಾಸಿನ ಮಳೆ. ಬರಡು ಹಸಿರಾಗುತ್ತದೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತೇನೆ: ನೆಲದಿಂದ ಎದ್ದು ನಿಂತ ಪೈರು, ನಮ್ಮ ಮನೆಗೆ ಬರುವ ಮೂಟೆಯ ಮೊದಲ ರೂಪ. ಪಕ್ಕದಲ್ಲಿ ಹಮಾಲಿ ಅಣ್ಣ ನಗುತ್ತಿಲ್ಲ, ಶಿಳ್ಳೆ ಹಾಕುತ್ತಿಲ್ಲ. ಮುಂದಕ್ಕೆ ಬಾಗಿ ಕೂತಿದ್ದಾನೆ.

ಇಂಟರ್‌ವೆಲ್ಲಿನಲ್ಲಿ ಗೋಲಿ ಸೋಡ, ಕಾಗದದ ಪೊಟ್ಟಣದಲ್ಲಿ ಕಡಲೆಕಾಯಿ. ಮತ್ತೆ ಕತ್ತಲು. ಹೋರಿ ನುಗ್ಗಿ ಬಂದು ನಾಯಕಿ ಭಾರತಿ ಬಾವಿಗೆ ಬಿದ್ದಾಗ ಹೆಂಗಸರ ಕಡೆಯಿಂದ ಎದ್ದ ಕೂಗು ನನ್ನ ಹೊಟ್ಟೆಯೊಳಗೆ ಇಳಿಯಿತು. ಕೊನೆಗೆ ರಾಜೀವ ಉಟ್ಟ ಬಟ್ಟೆಯಲ್ಲೇ ಎಲ್ಲ ಬಿಟ್ಟು ನಡೆದುಹೋಗುತ್ತಾನೆ. ಮಾವ ಕನ್ನಡಕ ಒರೆಸಿಕೊಳ್ಳುತ್ತಾರೆ. ಗಾಂಧಿಕ್ಲಾಸಿನಲ್ಲಿ ಗಂಡಸರು ಅಳುವುದನ್ನು ನಾನು ಕಂಡದ್ದು ಅಲ್ಲಿಯೇ ಮೊದಲು.

ಹೊರಗೆ ಸಂಜೆ ಬಿಸಿಲು ಕಣ್ಣು ಚುಚ್ಚುತ್ತದೆ. ಮುಂದಿನ ಆಟದವರು ಆಗಲೇ ಗೇಟಿಗೆ ಒತ್ತಿ ನಿಂತು "ಹೆಂಗಿದೆ, ಹೆಂಗಿದೆ?" ಎನ್ನುತ್ತಿದ್ದಾರೆ. ಉಪ್ಪಾರಪೇಟೆಯವರೆಗೆ ಮೂವರಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಹಮಾಲಿ ಅಣ್ಣ ಶುರು ಮಾಡಿದ.

"ಬಂಡೆ ಒಡೆದ ಮಾತ್ರಕ್ಕೆ ಆಗೋಯ್ತು ಅನ್ಕೋಬೇಡ ಸಣ್ಣಪ್ಪ. ಕೆರೆ ಗೋಡು ತಂದು ಹರಡ್ಬೇಕು. ಗೊಬ್ಬರ ಬೇಕು. ಅದಾದ್ಮೇಲೆ ನೀರು. ನಮ್ಮೂರಾಗೆ ನೀರೇ ಇಲ್ಲ, ಅದಕ್ಕೇ ನಾನಿಲ್ಲಿ ಮೂಟೆ ಹೊರ್ತಾ ಇರೋದು." ಬಳೇಪೇಟೆ ಬರುವಷ್ಟರಲ್ಲಿ ಅವನು ಸಸಿಮಡಿ ಮಾಡಿ, ನಾಟಿ ಹಾಕಿ, ಕಳೆ ಕಿತ್ತು ಮುಗಿಸಿದ್ದ. ಬೆರಳುಗಳನ್ನು ಜೋಡಿಸಿ ಪೈರು ಊರುವ ಬಗೆ ತೋರಿಸಿದ.

"ನಿಮ್ಮೂರಲ್ಲಿ ಈ ಸಲ ಮಳೆ ಆದ್ರೆ?" ಎಂದೆ.

"ಆದ್ರೆ ಸುಗ್ಗಿಗೆ ನಿನ್ನ ಕರ್ಕೊಂಡೋಗ್ತೀನಿ. ಕಣದಾಗೆ ಮಲಗೋವಂತೆ."

ಮಾವ ಶ್ರೀಕೃಷ್ಣ ಭವನದ ಮೆಟ್ಟಿಲು ಹತ್ತುತ್ತಾ ತಿರುಗಿ ನೋಡಿದರು. "ಸುಗ್ಗಿ ಆಮೇಲೆ. ಮೊದಲು ಒಳಗೆ ಬನ್ನಿ ಇಬ್ರೂ, ದೋಸೆ ತಿನ್ನೋಣ."