ಗಾಳದವರ ಲೆಕ್ಕಪುಸ್ತಕ

ಬೆಂಗಳೂರಿನ ಗೊರಗುಂಟೆಪಾಳ್ಯದ ಕಡೆಯಿಂದ ರಜಾದಿನ ಕೆರೆಗಳಿಗೆ ಗಾಳ ಹಾಕಲು ಹೋಗುವವರಿಗೆ ಸುಲಭವಾಗಿ ಸಿಗುವುದು ಜಿಲೇಬಿ ಮೀನು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಅದು. ಎರೆಹುಳು ಕಟ್ಟಿದರೆ ಸಾಕು. ಆದರೆ ಮಾತಿಗೆ ಕೂತರೆ ಎಲ್ಲರ ಬಾಯಲ್ಲೂ ಕಾವೇರಿಯ ಬಿಳಿಮೀನೇ, ಅಂದರೆ ಮಹಶೀರ್. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಸುಮಾರು 54 ಕಿಲೋ!

ಯಾವ ಮೀನು ಎಷ್ಟು ಸಲ ಸಿಕ್ಕಿತು ಅನ್ನುವ ಲೆಕ್ಕ ಬರೀ ಹವ್ಯಾಸದ ಮಾತಲ್ಲ. ಕಾವೇರಿ ದಡದ ಗಾಳಿಬೋರೆ ಶಿಬಿರದಲ್ಲಿ ರಾಗಿ ಉಂಡೆ ಕಟ್ಟಿ ಮಹಶೀರ್ ಹಿಡಿದು, ತೂಗಿ, ಮತ್ತೆ ಹೊಳೆಗೆ ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕವನ್ನು ವಿಜ್ಞಾನಿಗಳು ಓದಿದಾಗ ಸತ್ಯ ಹೊರಬಿತ್ತು. ಹ್ಯಾಚರಿಯಲ್ಲಿ ಬೆಳೆಸಿ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಾ ಹೋಗಿತ್ತು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಕುಸಿದಿತ್ತು. ಅದರಲ್ಲೂ ಎಳೆಯ ಮೀನುಗಳು ತೀರಾ ಅಪರೂಪವಾಗಿದ್ದವು. 2018ರಲ್ಲಿ ಈ ಡುಬ್ಬದ ಮಹಶೀರ್ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅತಿ ಗಂಭೀರ ಅಪಾಯದ ಪಟ್ಟಿಗೆ ಸೇರಿತು.

ಗಾಳ ಹಾಕುವ ಗೆಳೆಯರೇ, ಸಿಕ್ಕ ಮೀನು, ಜಾಗ, ತಾರೀಕು ತಪ್ಪದೆ ಬರೆದಿಡಿ. ಜಿಲೇಬಿಯೇ ಆದರೂ ಸರಿ. ನಮ್ಮ ಕೆರೆಗಳಲ್ಲಿ ಯಾವುದು ಉಳಿದಿದೆ, ಯಾವುದು ಹೋಗುತ್ತಿದೆ ಅನ್ನುವುದಕ್ಕೆ ನಾಳೆ ನಿಮ್ಮ ಪುಸ್ತಕವೇ ಸಾಕ್ಷಿಯಾಗಬಹುದು.